ಯುಸ್ತಿನಾ ಬಚ್ಚಿಟ್ಟ ಲೆಕ್ಕಗಳು

“ಏಯ್, ಕೈ ತೆಗಿ! ಈಗಲೇ ಕಳಿಸಿಬಿಟ್ರೆ ಎಲ್ಲ ಹಾಳಾಗುತ್ತೆ!”

ಅಪ್ಪ ಕೂಗಿದ್ದಕ್ಕೆ ಯುಸ್ತಿನಾ ಮೌಸ್ ಬಿಟ್ಟು ಹಿಂದೆ ಸರಿದಳು. ಅಡುಗೆಮನೆಯ ಮೂಲೆಯಲ್ಲಿ ಕಂಪ್ಯೂಟರ್ ಬುಸುಗುಡುತ್ತಿತ್ತು. ‘ಮುಗಿದ ಲೆಕ್ಕಗಳು: 31’ ಎಂದು ಸ್ಕ್ರೀನ್ ಮೇಲೆ ಕಾಣುತ್ತಿತ್ತು.

“ಬಚ್ಚಿಟ್ಕೋಬೇಕು ಕಣೇ,” ಎಂದು ಅಪ್ಪ ದನಿ ತಗ್ಗಿಸಿದ. “ಲೆಕ್ಕ ಮುಗಿಸೋದು, ಕಳಿಸದೆ ಇಟ್ಕೊಳ್ಳೋದು. ನಿನ್ನ ಕ್ಲಾಸಿನ ಆ ಕ್ರಿಶ್ಟೊಫ್ ಪಾಯಿಂಟ್ ಪಟ್ಟಿ ನೋಡ್ತಾನೆ. ಯುಸ್ತಿನಾ ಮಲಗಿದಾಳೆ ಅಂದ್ಕೊಂಡು ತಾನೂ ಮಲಗ್ತಾನೆ. ಶುಕ್ರವಾರ ಮಧ್ಯಾಹ್ನ ಪಂದ್ಯ ಮುಗಿಯೋಕೆ ಐದು ನಿಮಿಷ ಇರೋವಾಗ ಎಲ್ಲಾ ಒಂದೇ ಸಲ ಸುರಿದುಬಿಡ್ತೀನಿ. ನಮ್ಮ ಟೀಮಲ್ಲಿ ದೊಡ್ಡೋರೆಲ್ಲ ಹೀಗೇ ಮಾಡೋದು.”

ಅಪ್ಪ ರಾದಿಮ್ ಓಸ್ಟ್ರಾವಾ ನಗರದಲ್ಲಿ ಟ್ರಾಮ್ ಓಡಿಸುತ್ತಾನೆ. ಆದರೆ ಲಿಫ್ಟಿನಲ್ಲಿ ಯಾರೇ ಸಿಗಲಿ, “ನಾನು ವಿಜ್ಞಾನಕ್ಕಾಗಿ ದುಡೀತಿದ್ದೀನಿ” ಎನ್ನುತ್ತಾನೆ. ನಿಜವಾಗಿ ದುಡಿಯುವುದು ಕಂಪ್ಯೂಟರ್. ಅಪ್ಪ ಅದರ ಪಕ್ಕ ಕೂತು ಬ್ರೆಡ್ ತಿನ್ನುತ್ತಾನೆ.

ಮನೆಯವರಿಗೆ ಬೇಡವಾದಾಗಲೂ ಆ ಕಂಪ್ಯೂಟರ್ ಸುಮ್ಮನಿರುವುದಿಲ್ಲ. ಎಲ್ಲೋ ಇರುವ ವಿಜ್ಞಾನಿಗಳ ಲೆಕ್ಕ ಮಾಡಿ ಇಂಟರ್ನೆಟ್ಟಿನಲ್ಲಿ ಕಳಿಸುತ್ತದೆ. ಅದಕ್ಕೆ ಸಿಗುವುದು ಬರೀ ಪಾಯಿಂಟ್. ಆ ಪಾಯಿಂಟಿಗೆ ಅಂಗಡಿಯಲ್ಲಿ ಒಂದು ಬನ್ನೂ ಕೊಡುವುದಿಲ್ಲ. ಆದರೂ ಮೀಸೆ ಬಂದ ಗಂಡಸರು ಅದಕ್ಕಾಗಿ ಜುಟ್ಟು ಹಿಡಿದು ಜಗಳಾಡುತ್ತಾರೆ.

ಯುಸ್ತಿನಾಳ ಐದನೇ ಕ್ಲಾಸಿಗೂ ಈ ಹುಚ್ಚು ಹತ್ತಿತ್ತು. ಈ ಶುಕ್ರವಾರದೊಳಗೆ ಯಾರಿಗೆ ಹೆಚ್ಚು ಪಾಯಿಂಟ್ ಎಂದು ಅವಳೂ ಕ್ರಿಶ್ಟೊಫನೂ ಪಂದ್ಯ ಕಟ್ಟಿದ್ದರು. ಅವನು ಸೋತರೆ ಇಡೀ ಕ್ಲಾಸಿನ ಮುಂದೆ ಹುಂಜದ ಹಾಗೆ ಕೂಗಬೇಕು. ಅವಳು ಸೋತರೆ ಒಂದು ವಾರ ಅವನ ಹಾಕಿ ಆಟದ ಚೀಲ ಹೊರಬೇಕು. ಆ ಚೀಲದ ನಾತಕ್ಕೆ ಟ್ರಾಮಿನಲ್ಲಿ ಕೂತವರೂ ಎದ್ದು ಹೋಗುತ್ತಾರೆ.

ಅವತ್ತು ಬುಧವಾರ. ಅಪ್ಪ, ಮಗಳು ಬೆಳ್ಳುಳ್ಳಿ ಸೂಪ್ ಕುಡಿಯಲು ಕೂತಾಗ ಅಪ್ಪನ ಫೋನಿಗೆ ಒಂದು ಇಮೇಲ್ ಬಂತು. ಓದಿದ ಅಪ್ಪ ಬಿದ್ದು ಬಿದ್ದು ನಕ್ಕ.

“ನೋಡೇ, ಲ್ಯಾಬಿನೋರೂ ಮೋಸ ಹೋಗಿದ್ದಾರೆ!”

ಯುಸ್ತಿನಾ ಫೋನ್ ಇಸಿದುಕೊಂಡು ಓದಿದಳು. ಡಾಕ್ಟರ್ ಹೆದ್ವಿಕಾ ಎಂಬ ವಿಜ್ಞಾನಿ ಬರೆದಿದ್ದರು:

“ರಾದಿಮ್ ಅವರೇ, ನಿಮ್ಮ ಮನೆಯಿಂದ ಲೆಕ್ಕ ಎರಡೇ ದಿನಕ್ಕೆ ಬಂದುಬಿಡುತ್ತಿತ್ತು. ಈಗ ಒಂಬತ್ತು ದಿನವಾಯಿತು. ಎಲ್ಲರೂ ಆರೋಗ್ಯವಾಗಿದ್ದೀರಿ ತಾನೆ? ಜೇನುಹುಳುಗಳ ರೋಗಕ್ಕೆ ಮದ್ದು ಹುಡುಕುವ ನಮ್ಮ ಕೆಲಸ ನಿಮ್ಮ ಮೂವತ್ತೊಂದು ಲೆಕ್ಕಗಳಿಗಾಗಿ ನಿಂತಿದೆ. ಮೊದಲು ನೀವು ಹುಷಾರಾಗಿ. ನಾವು ಕಾಯುತ್ತೇವೆ.”

ಯುಸ್ತಿನಾಳ ಮುಖ ಬಿಸಿಯಾಯಿತು.

“ಜೇನುಹುಳಾನಾ? ಮಂಗಳ ಗ್ರಹ ಅಂದಿದ್ದೆಯಲ್ಲಪ್ಪಾ?”

“ಅದು ಹೋದ ವರ್ಷ ಇರ್ಬೇಕು. ಯಾವುದಾದ್ರೇನು, ಪಾಯಿಂಟ್ ಬರುತ್ತಲ್ಲ.”

“ನಮಗೆ ಹುಷಾರಿಲ್ಲ ಅಂದ್ಕೊಂಡಿದ್ದಾರೆ ಅವರು.”

“ಅಂದ್ಕೊಳ್ಳಲಿ ಬಿಡು. ಇನ್ನೆರಡು ದಿನ ತಾನೆ? ಜೇನುಹುಳ ಏನು ಕ್ಯಾಲೆಂಡರ್ ನೋಡುತ್ತಾ?”

ಅಪ್ಪ ಇನ್ನಷ್ಟು ಸೂಪ್ ಬಡಿಸಿಕೊಳ್ಳಲು ಒಲೆಯ ಕಡೆ ತಿರುಗಿದ. ಯುಸ್ತಿನಾ ಎದ್ದು ಕಂಪ್ಯೂಟರ್ ಮುಂದೆ ನಿಂತಳು. ಈಗ ಕಳಿಸಿದರೆ ಪಟ್ಟಿಯಲ್ಲಿ ಕ್ರಿಶ್ಟೊಫನಿಗೆ ಕಂಡೇ ಕಾಣುತ್ತದೆ. ಅವನ ಅಪ್ಪನ ಆಫೀಸಿನಲ್ಲಿ ಆರು ಕಂಪ್ಯೂಟರ್ ಇವೆ. ಎರಡು ದಿನದಲ್ಲಿ ಆರೂ ಸೇರಿ ಅವಳನ್ನು ಹಿಂದೆ ಹಾಕುತ್ತವೆ. ಆ ಚೀಲ ನೆನಪಾಗಿ ಅವಳಿಗೆ ಅಳು ಬಂತು. ಆದರೂ ‘ಕಳಿಸು’ ಒತ್ತಿದಳು.

“ಅಯ್ಯೋ ಪೆದ್ದೀ!” ಅಪ್ಪನ ಕೈಯಲ್ಲಿದ್ದ ಸೌಟು ಪಾತ್ರೆಯೊಳಗೆ ಬಿತ್ತು. “ಒಂಬತ್ತು ದಿನ ಬಾಯಿ ಕಟ್ಕೊಂಡು ಕಾದಿದ್ದೆನಲ್ಲೇ!”

“ಅವರೂ ಕಾಯ್ತಿದ್ರು,” ಎಂದಳು ಯುಸ್ತಿನಾ.

ಶುಕ್ರವಾರ ಕ್ರಿಶ್ಟೊಫ್ ಗೆದ್ದ. ಲ್ಯಾಬಿನಿಂದ ಒಂದು ಥ್ಯಾಂಕ್ಸ್ ಕೂಡ ಬರಲಿಲ್ಲ. ಅಪ್ಪ ಬುಧವಾರದಿಂದ ಮುಖ ಊದಿಸಿಕೊಂಡೇ ಇದ್ದ. ಅದೇ ಸಂಜೆ ಆ ಹಾಕಿ ಚೀಲ ಯುಸ್ತಿನಾಳ ಹೆಗಲೇರಿತು. ಅದು ನಿಜಕ್ಕೂ ಸತ್ತ ಮೀನಿನಂತೆ ನಾರುತ್ತಿತ್ತು.

“ಮುಂಚೇನೇ ಕಳಿಸಿಬಿಟ್ಯಲ್ಲೇ, ದಡ್ಡಿ!” ಕ್ರಿಶ್ಟೊಫ್ ಕೈಬೀಸಿಕೊಂಡು ಪಕ್ಕದಲ್ಲಿ ನಡೆಯುತ್ತಿದ್ದ. “ನನ್ಹತ್ರ ಇನ್ನೂ ಐವತ್ತು ಇದೆ, ಗೊತ್ತಾ? ಮುಂದಿನ ಪಂದ್ಯಕ್ಕೆ ಬಚ್ಚಿಟ್ಟಿದೀನಿ.”

“ಯಾವ್ದರ ಲೆಕ್ಕ ಅದು?”

“ನಂಗೇನ್ ಗೊತ್ತು? ಪಾಯಿಂಟ್ ಬರುತ್ತೆ, ಸಾಕಲ್ವಾ?”

ಯುಸ್ತಿನಾಳ ನಾಲಿಗೆ ತುದಿಗೆ ಒಂದು ಖಾರವಾದ ಮಾತು ಬಂತು. ಆದರೆ ಹೋದ ಶುಕ್ರವಾರ ಯಾರಾದರೂ ಕೇಳಿದ್ದರೆ ಅವಳೂ ಇದನ್ನೇ ಹೇಳುತ್ತಿದ್ದಳು. ಅದು ನೆನಪಾಗಿ ನಾಚಿಕೆಯಾಯಿತು. ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿದಳು.

“ಯಾರೋ ಕಾಯ್ತಿರ್ತಾರೆ ಕಣೋ,” ಎಂದಳು ಮೆಲ್ಲಗೆ.

ಕ್ರಿಶ್ಟೊಫ್ ನಿಂತು ರಸ್ತೆಯ ಆ ತುದಿ ಈ ತುದಿ ನೋಡಿದ.

“ಎಲ್ಲಿ? ಯಾರೂ ಕಾಣ್ತಿಲ್ವಲ್ಲ.”