ದೊಡ್ಡ ಕೋಣೆಯ ಇಪ್ಪತ್ತೆರಡು ‘ಇಲ್ಲ’

ಅಗಾಫಿಯಾಳ ಮನೆಯ ದೊಡ್ಡ ಕೋಣೆಯ ಕಿಟಕಿ ತೆರೆದದ್ದೇ ತಡ, ಪಕ್ಕದ ಮನೆಯ ತೆಕ್ಲಾ ಒದ್ದೆ ಕೈ ಒರೆಸಿಕೊಳ್ಳುತ್ತ ಬೇಲಿಯ ಹತ್ತಿರ ಹಾಜರಾದಳು. ನಮ್ಮೂರಲ್ಲಿ ಆ ಕೋಣೆಯ ಕಿಟಕಿ ತೆರೆಯುವುದು ಎರಡಕ್ಕೇ. ಹೆಣ ಮಲಗಿಸುವುದಕ್ಕೆ, ಇಲ್ಲವಾದರೆ ಹೆಣ್ಣು ಕೇಳಲು ಬಂದವರನ್ನು ಕೂರಿಸುವುದಕ್ಕೆ.

“ಯಾರು ಹೋದ್ರೇ, ವರ್ವಾರಾ?”

“ಯಾರೂ ಹೋಗಿಲ್ಲ, ತೆಕ್ಲಕ್ಕ. ಸರ್ವೆ.”

ಅವಳ ಕಣ್ಣು ನನ್ನ ಪಕ್ಕದಲ್ಲಿ ಫೈಲು ಅಪ್ಪಿಕೊಂಡು ನಿಂತಿದ್ದ ಬಿಳಿ ಶರ್ಟಿನವನ ಮೇಲೆ ಹೋಯಿತು. ಬೂಟಿನಿಂದ ತಲೆಯವರೆಗೆ ಒಮ್ಮೆ, ತಲೆಯಿಂದ ಬೂಟಿನವರೆಗೆ ಇನ್ನೊಮ್ಮೆ.

“ಹಾಗಾದ್ರೆ ಇವರು? ನಿನ್ನನ್ನೇ ಕೇಳೋಕೆ ಬಂದಿದಾರಾ? ಅಗಾಫಿಯಾ ಮನೇಲಿ ಯಾಕೆ ಕೂರಿಸಿದೀರಿ, ನಿಮ್ಮ ಮನೆಗೆ ಏನಾಗಿದೆ?”

“ನಾನು ಸಂಖ್ಯಾಶಾಸ್ತ್ರಜ್ಞ,” ಅಂದ ಅವನು.

“ಅಯ್ಯೋ ಪಾಪ,” ಅಂದಳು ತೆಕ್ಲಾ. “ಚಿಕ್ಕ ವಯಸ್ಸಲ್ಲೇ ಬಂತಾ?”

ಅವನ ಕಿವಿ ಕೆಂಪಾಯಿತು. ಎರಡು ಕಿವಿಗಳಲ್ಲಿ ಎಡಗಡೆಯದು ಮೊದಲು. ನಾನು ಅದನ್ನು ಗಮನಿಸಿದೆ, ಗಮನಿಸಿದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು.

ಅವನ ಹೆಸರು ಸಿಮಿಯೋನ್. ರಾಜಧಾನಿ ಕಿಶಿನಾವ್‌ನ ಆಫೀಸಿನವನು. ದೇಶದಲ್ಲಿ ಎಷ್ಟು ಹೆಂಗಸರು ಮನೆಯೊಳಗೆ ಏಟು ತಿನ್ನುತ್ತಾರೆ ಎಂದು ಅಳೆಯಲು ಒಂದು ಪ್ರಶ್ನೆಪತ್ರಿಕೆ ಮಾಡಿದ್ದರು. ಗಂಡಂದಿರಿಗೆ ಗುಮಾನಿ ಬರಬಾರದೆಂದು ಮೇಲೆ ‘ಹೆಂಗಸರ ಆರೋಗ್ಯ ಮತ್ತು ಬದುಕು’ ಎಂದು ಹಾಕಿದ್ದರು. ದೇಶಕ್ಕೆಲ್ಲ ಅಚ್ಚು ಹಾಕಿಸುವ ಮೊದಲು ಒಂದು ಹಳ್ಳಿಯಲ್ಲಿ ಪರೀಕ್ಷೆ ಮಾಡಬೇಕಿತ್ತು. ಆ ಹಳ್ಳಿ ನಮ್ಮದು. ಊರಿನ ಸಮಾಜ ಸೇವಕಿಯಾದ ನಾನು ಮನೆ ತೋರಿಸಬೇಕು, ಒಳಗೆ ಯಾರೂ ನುಗ್ಗದಂತೆ ಅಂಗಳ ಕಾಯಬೇಕು. ಕೇಳುವವರು ಪಟ್ಟಣದ ಇಬ್ಬರು ಹುಡುಗಿಯರು. ಊರವಳು ಊರವಳನ್ನು ಕೇಳಬಾರದು, ಗಂಡಸಂತೂ ಕೇಳಲೇಬಾರದು ಎಂದು ನಿಯಮ. ಹಾಗಾಗಿ ನಾಲ್ಕು ದಿನ ನಾನೂ ಸಿಮಿಯೋನನೂ ಇಪ್ಪತ್ತೆರಡು ಅಂಗಳಗಳಲ್ಲಿ ಅಕ್ಕಪಕ್ಕ ನಿಂತೆವು.

ರಾಜಧಾನಿಯವರ ಬಗ್ಗೆ ನನಗೆ ಗೌರವವಿರಲಿಲ್ಲ. ಅವರಿಗೆ ಹಳ್ಳಿಯೆಂದರೆ ಬಸ್ಸಿನ ಕಿಟಕಿ. ವರ್ಷಕ್ಕೊಮ್ಮೆ ಬಂದು ನಮ್ಮ ಚೀಸು ತಿಂದು, ಎಷ್ಟು ರುಚಿ ಅಂದು, ಒಂದು ಕರಪತ್ರ ಕೊಟ್ಟು ಹೋಗುತ್ತಾರೆ. ಇವನೂ ಹಾಗೇ ಅಂದುಕೊಂಡೆ. ಹಿಪ್ಪುನೇರಳೆ ಮರದ ಕೆಳಗೆ ಬಿಳಿ ಶರ್ಟು ಹಾಕಿಕೊಂಡು ಕೂರುವವನು ಇನ್ನೇನು? ಜೂನ್ ತಿಂಗಳು. ಹಣ್ಣು ಟಪಟಪ ಬೀಳುತ್ತಿತ್ತು. ಭುಜದ ಮೇಲೆ ಒಂದು ಬಿದ್ದು ನೇರಳೆ ಬಣ್ಣ ಹರಡಿತು. ನಾನು ಹೇಳಲಿಲ್ಲ. ಎರಡನೆಯದು ಬಿತ್ತು. ಆಗಲೂ ಹೇಳಲಿಲ್ಲ.

“ನೀವು ನೋಡಿದ್ರಿ,” ಅಂದ ಅವನು, ತಲೆ ಎತ್ತದೆ.

“ಏನನ್ನ?”

“ಹಣ್ಣು ಬಿದ್ದಿದ್ದನ್ನ. ನಕ್ಕಿದ್ದೂ ಕೇಳಿಸ್ತು.”

“ನಾನು ನಗಲ್ಲ. ಊರಲ್ಲಿ ಯಾರನ್ನ ಬೇಕಾದ್ರೂ ಕೇಳಿ.”

“ಅದಕ್ಕೂ ಒಂದು ಪ್ರಶ್ನೆ ಸೇರಿಸ್ಬೇಕಾ?”

ಪೆನ್ಸಿಲ್ ಕೆತ್ತಿದರೆ ಸಿಪ್ಪೆಯನ್ನು ನೆಲಕ್ಕೆ ಬೀಳಿಸದೆ ತನ್ನ ಜೇಬಿಗೇ ಹಾಕಿಕೊಳ್ಳುತ್ತಿದ್ದ. ಯಾರೋ ಗುಡಿಸಿದ ಅಂಗಳ ಎಂದು. ಇಷ್ಟು ಚಿಕ್ಕದನ್ನು ನೋಡುವವನಿಗೆ ದೊಡ್ಡದು ಕಾಣುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಕೆತ್ತುವಾಗ ಅವನ ಮಣಿಕಟ್ಟು ತಿರುಗುವುದನ್ನು ನೋಡುತ್ತ ನಿಂತಿರುತ್ತಿದ್ದೆ. ಅವನು ತಲೆ ಎತ್ತಿದರೆ ನನ್ನ ಕಣ್ಣು ಬಾವಿಯ ರಾಟೆಯ ಮೇಲಿರುತ್ತಿತ್ತು.

ನಾಲ್ಕನೆಯ ದಿನ ಮಧ್ಯಾಹ್ನ ಗ್ರಂಥಾಲಯದ ಮೇಜಿನ ಮೇಲೆ ಪತ್ರಿಕೆಗಳನ್ನು ಹರಡಿಕೊಂಡು ಕೂತೆವು. ‘ನಿಮ್ಮ ಮೇಲೆ ಎಂದಾದರೂ ಕೌಟುಂಬಿಕ ಹಿಂಸೆ ನಡೆದಿದೆಯೇ?’ ಇಲ್ಲ. ಮುಂದಿನದು ತಿರುವಿದ. ಇಲ್ಲ. ಇಪ್ಪತ್ತೆರಡಕ್ಕೆ ಇಪ್ಪತ್ತೆರಡೂ ಇಲ್ಲ.

ಅವನ ಆಫೀಸಿನ ಮುಖ್ಯಸ್ಥೆ ಮೇಡಂ ಕೊರ್ನೇಲಿಯಾಗೆ ಫೋನಿನಲ್ಲಿ ಹೇಳಿದಾಗ ಆಕೆಯ ಸಂತೋಷದ ದನಿ ಮೇಜಿನ ಈಚೆಗೂ ಕೇಳಿಸಿತು. “ಬಹಳ ಒಳ್ಳೇದಾಯ್ತು! ಹಾಗಾದ್ರೆ ಹಳ್ಳಿ ಕಡೆ ಹಿಂಸೆಯ ಭಾಗವನ್ನೇ ಬಿಟ್ಟುಬಿಡೋಣ. ಶುಕ್ರವಾರ ಸಹಿ ಮಾಡಿ ಕಳಿಸಿ, ಅಚ್ಚಿಗೆ ಹೋಗ್ಲಿ.” ಬಾಗಿಲಲ್ಲಿ ನಿಂತಿದ್ದ ನಮ್ಮ ಮೇಯರು ಹೊಟ್ಟೆ ಸವರಿಕೊಂಡ. “ನಾನು ಹೇಳಿರಲಿಲ್ವಾ? ನಮ್ಮೂರು ಶಾಂತವಾದ ಊರು. ಒಬ್ಬಿಬ್ಬರಿಗೆ ಮಾತ್ರ ಕಥೆ ಕಟ್ಟೋ ಚಟ.” ನನ್ನ ಕಡೆ ನೋಡಿಯೇ ಹೇಳಿ ಹೋದ.

ಐದು ವರ್ಷದ ಹಿಂದೆ ಗಂಡನ ಮನೆ ಬಿಟ್ಟು ಬಂದವಳು ನಾನು. ಕೈಯಲ್ಲಿ ಒಂದು ಚೀಲ, ಬಾಯಲ್ಲಿ ಎರಡು ಹಲ್ಲು ಕಡಿಮೆ. ಜಾರಿ ಬಿದ್ದಳು ಎಂದು ಊರು ತೀರ್ಮಾನ ಕೊಟ್ಟಿತು. ಈಗ ಅದೇ ತೀರ್ಮಾನ ಅಚ್ಚಾಗಲಿತ್ತು. ಆ ಭಾಗ ಹೋದರೆ, ಮುಂದಿನ ಸರ್ವೆ ಬರುವವರೆಗೆ, ಇನ್ನು ಹತ್ತು ವರ್ಷ ಈ ದೇಶದ ಯಾವ ಹಳ್ಳಿಯಲ್ಲೂ ಯಾರೂ ಯಾರನ್ನೂ ಹೊಡೆದಿರುವುದಿಲ್ಲ. ನಾನು ಸುಳ್ಳುಗಾತಿ ಎಂದು ಸರಕಾರಿ ಕಾಗದದಲ್ಲಿ ಬರೆದಂತೆಯೇ.

“ಸಹಿ ಮಾಡ್ತೀರಾ?” ಅಂತ ಕೇಳಿದೆ.

“ಉತ್ತರ ಹಾಗೇ ಬಂದಿದೆಯಲ್ಲ.”

“ಬರುತ್ತೆ! ‘ಕೌಟುಂಬಿಕ ಹಿಂಸೆ’! ಈ ಮಾತನ್ನ ಯಾವ ಹೆಂಗಸು ಯಾವತ್ತು ಆಡಿದಾಳೆ? ಹಿಂಸೆ ಅಂದ್ರೆ ಟಿವಿಯಲ್ಲಿ ಯುದ್ಧ. ಇಲ್ಲಿ ‘ಅವನಿಗೆ ಸಿಟ್ಟು ಬಂದಿತ್ತು’ ಅಂತಾರೆ. ಕೂದಲು ಹಿಡಿದು ಎಳೆದ್ನಾ ಅಂತ ಕೇಳಿ. ಒಲೆ ಮೇಲಿನ ಪಾತ್ರೆ ಎಸೆದ್ನಾ ಅಂತ ಕೇಳಿ. ಕೈಯಲ್ಲಿ ಹೊಡೆದ್ನಾ, ಕಾಲಲ್ಲಿ ಒದ್ನಾ ಅಂತ ಹೆಸರಿಟ್ಟು ಕೇಳಿ! ನಿಮ್ಮ ಆಫೀಸಿನ ಎಂಟು ಜನ ಡಾಕ್ಟರೇಟಿನವರು ಕೂತು ಒಪ್ಪಿರೋ ಪ್ರಶ್ನೇನಾ ಇದು? ಥೂ.”

ಅವನು ಸಿಟ್ಟಾಗಲಿಲ್ಲ. ಪತ್ರಿಕೆ ತಿರುವಿ, ಆ ಪ್ರಶ್ನೆಯ ಪಕ್ಕ ಪೆನ್ಸಿಲ್ಲಿನಿಂದ ಒಂದು ಗೆರೆ ಎಳೆದ. “ಇದನ್ನ ಬರೆದದ್ದು ನಾನು. ಪ್ರಶ್ನೆ ತಪ್ಪು, ಒಪ್ಕೊಂಡೆ.” ಆಮೇಲೆ ಕೇಳಿದ, “ಆದ್ರೆ ಇಪ್ಪತ್ತೆರಡರಲ್ಲಿ ಒಬ್ಬಳೂ ತಡವರಿಸಲಿಲ್ಲ ಅಂತ ಹುಡುಗೀರು ಬರೆದಿದಾರೆ. ಅದು ಯಾಕೆ? ಅವರನ್ನ ಎಲ್ಲಿ ಕೂರಿಸಿದ್ರು?”

“ದೊಡ್ಡ ಕೋಣೇಲಿ. ನಿಮ್ಮ ಪುಸ್ತಕದಲ್ಲೇ ಇತ್ತಲ್ಲ, ಏಕಾಂತದ ಜಾಗ ಅಂತ. ಅಡುಗೆಮನೆಗೆ ಗಂಡಂದಿರು ಬರ್ತಾರೆ. ಮತ್ತೆ, ಹೊರಗಿನಿಂದ ಬಂದವರನ್ನ ಅಡುಗೆಮನೇಲಿ ಕೂರಿಸೋಕಾಗತ್ತಾ? ನಾನೇ ಎಲ್ಲರಿಗೂ ಹೇಳಿದ್ದು...”



ಆ ಕೋಣೆಯಲ್ಲಿ ಏನಿರುತ್ತದೆ? ಗೋಡೆಗೆ ತವರಿಂದ ತಂದ ಕಂಬಳಿ. ಮೂಲೆಯಲ್ಲಿ ಸೂರಿನವರೆಗೆ ಪೇರಿಸಿದ ದಿಂಬು. ನಡುವೆ ಮದುವೆಯ ಫೋಟೋ, ಅವಳ ಭುಜದ ಮೇಲೆ ಅವನ ಕೈ. ಅದು ತೋರಿಸುವ ಕೋಣೆ. ಅಲ್ಲಿ ಕೂತ ನಮ್ಮೂರ ಹೆಂಗಸು ಬೆನ್ನು ನೆಟ್ಟಗೆ ಮಾಡಿ, ಎಲ್ಲ ಚೆನ್ನಾಗಿದೆ ಅನ್ನುತ್ತಾಳೆ. ನಾನೂ ಅಂದಿದ್ದೆ, ಏಳು ವರ್ಷ, ಅಂಥದೇ ಕೋಣೆಯಲ್ಲಿ, ನನ್ನ ಸ್ವಂತ ತಾಯಿಯ ಎದುರು. ಗೊತ್ತಿದ್ದೂ ಇಪ್ಪತ್ತೆರಡು ಜನರನ್ನು ನಾನೇ ಅಲ್ಲಿಗೆ ತಳ್ಳಿದ್ದೆ, ಮರ್ಯಾದೆ ಎಂದು. ಎಂಟು ಡಾಕ್ಟರೇಟಿನವರ ಮೇಲೆ ಉಗಿದ ಎಂಜಲು ನನ್ನ ಗಲ್ಲದ ಮೇಲೇ ಇತ್ತು.

ಅವನು ನಗಲಿಲ್ಲ. ಗೆದ್ದೆ ಎಂಬ ನೋಟವೂ ಇಲ್ಲ. “ಹಾಗಾದ್ರೆ ಇಬ್ಬರದೂ ತಪ್ಪು,” ಅಂದ. “ಎಲ್ಲಿ ಮಾತಾಡ್ತಾರೆ ಇವರು? ನಿಜವಾಗಿ?”

“ಸಾಲಲ್ಲಿ.”

“ಯಾವ ಸಾಲಲ್ಲಿ?”

“ಹೊಲದಲ್ಲಿ, ಮಾರಾಯ! ಕಳೆ ಕೀಳುವಾಗ. ಅವಳು ಒಂದು ಸಾಲು, ನಾನು ಒಂದು ಸಾಲು. ಕಣ್ಣು ನೆಲದ ಮೇಲೆ. ಮುಖ ನೋಡ್ಬೇಕಾಗಿಲ್ಲ. ಕಳೆ ಕೀಳೋ ಕಡೆಗೆ ಯಾವ ಗಂಡಸೂ ತಲೆ ಹಾಕಲ್ಲ, ಎಲ್ಲಿ ಗುದ್ದಲಿ ಕೊಟ್ಟುಬಿಡ್ತಾರೋ ಅಂತ.”

ಅವತ್ತು ಸಂಜೆಯೊಳಗೆ ಪ್ರಶ್ನೆಗಳನ್ನು ಹೊಸದಾಗಿ ಬರೆದೆವು. ಅವನು ಒಂದು ಬರೆಯುವುದು, ನಾನು ಮೂಗು ಮುರಿಯುವುದು, ಅವನು ಹೊಡೆದುಹಾಕುವುದು. ತಳ್ಳಿದ್ದಾನೆಯೇ. ಕೆನ್ನೆಗೆ ಹೊಡೆದಿದ್ದಾನೆಯೇ. ಕತ್ತು ಹಿಡಿದಿದ್ದಾನೆಯೇ. ಬರೆಯುತ್ತ ಬರೆಯುತ್ತ ಅವನ ಅಕ್ಷರ ಚಿಕ್ಕದಾಗುತ್ತ ಹೋಯಿತು. ಒಂದು ಕಡೆ ಪೆನ್ಸಿಲ್ ಕೆಳಗಿಟ್ಟು ಕಿಟಕಿಯ ಕಡೆ ತಿರುಗಿ ಕೂತ. ನಾನು ಆಗ ಅವನನ್ನು ನೋಡಿದೆ, ನೆಟ್ಟಗೆ, ಬೇಕಾದಷ್ಟು ಹೊತ್ತು. ರಾಟೆಯ ನೆಪ ಬೇಕಾಗಲಿಲ್ಲ.

ಮಾರನೆಯ ದಿನ ಅದೇ ಇಪ್ಪತ್ತೆರಡು ಮನೆಗಳಿಗೆ ಹೋಗಿ, ಇನ್ನೊಮ್ಮೆ ಕೇಳಬಹುದೇ, ಹೊಲದಲ್ಲಿ, ಎಂದೆ. ಮೂವರು ಆಗದು ಅಂದರು. ಹತ್ತೊಂಬತ್ತು ಜನ ಗುದ್ದಲಿ ತೆಗೆದುಕೊಂಡರು. ಪಟ್ಟಣದ ಹುಡುಗಿಯರಿಗೆ ಹಿಡಿಯುವುದು ಹೇಗೆಂದು ಹೇಳಿಕೊಟ್ಟೆ. ಪ್ರಶ್ನೆಗಳನ್ನು ಬಾಯಿಪಾಠ ಮಾಡಿ, ಉತ್ತರವನ್ನು ಸಾಲಿನ ತುದಿಯಲ್ಲಿ ಗುರುತು ಹಾಕಿಕೊಳ್ಳಬೇಕು. ಒಬ್ಬಳ ಬಣ್ಣದ ಉಗುರು ಮೊದಲ ಸಾಲಿನಲ್ಲೇ ಮುರಿಯಿತು.

ನಾವಿಬ್ಬರು ದೂರದ ಬದುವಿನ ಮೇಲೆ ನಿಂತೆವು. ಮಾತು ಕೇಳಿಸುತ್ತಿರಲಿಲ್ಲ, ಕೇಳಿಸಲೂಬಾರದು. ಗುದ್ದಲಿಯ ಸದ್ದು ಮಾತ್ರ. ಅಗಾಫಿಯಾಳ ಸಾಲಿನಿಂದ ಒಂದೇ ಲಯದಲ್ಲಿ ಬರುತ್ತಿತ್ತು. ಆಮೇಲೆ ನಿಂತಿತು. ಮತ್ತೆ ಶುರುವಾಯಿತು. ಮತ್ತೆ ನಿಂತಿತು, ಈ ಸಲ ಬಹಳ ಹೊತ್ತು.

ಸಿಮಿಯೋನ್ ಫೈಲನ್ನು ಎದೆಗೆ ಒತ್ತಿಕೊಂಡಿದ್ದ. “ಹತ್ತು ವರ್ಷದಿಂದ ಈ ಕೆಲಸ ಮಾಡ್ತಿದೀನಿ,” ಅಂದ ಮೆಲ್ಲಗೆ. “ಇಷ್ಟು ದಿನ ಏನು ಅಳೀತಿದ್ದೆ?”

“ನಿಮ್ಮ ಆಫೀಸಿನ ಕಾಗದಾನ,” ಅಂದೆ. ಆದರೆ ಮೊದಲಿನ ಖಾರ ಅದರಲ್ಲಿರಲಿಲ್ಲ. ಅವನ ಭುಜದ ಕಲೆ ಒಗೆದರೂ ಹೋಗಿರಲಿಲ್ಲ. ಉಪ್ಪು ಹಾಕಿ ನೆನೆಸಬೇಕಿತ್ತು, ನನ್ನನ್ನು ಕೇಳಿದ್ದರೆ ಹೇಳುತ್ತಿದ್ದೆ.

ಅಗಾಫಿಯಾ ಸಾಲು ಮುಗಿಸಿ ನಮ್ಮ ಕಡೆ ಬಂದಳು. ಕಣ್ಣು ಒರೆಸಿಕೊಂಡ ಗುರುತು ಕೆನ್ನೆಯ ಮಣ್ಣಿನಲ್ಲಿ ಕಾಣುತ್ತಿತ್ತು. ಅವಳು ಏನು ಹೇಳಿದಳೋ ನನಗೆ ಗೊತ್ತಿಲ್ಲ. ಗೊತ್ತಿದ್ದರೂ ಇಲ್ಲಿ ಬರೆಯುತ್ತಿರಲಿಲ್ಲ. ಸಿಮಿಯೋನನಿಗೆ ಅವಳು ಹೇಳಿದ್ದು ಇಷ್ಟೇ: “ಆ ಹುಡುಗಿಗೆ ಗುದ್ದಲಿ ಹಿಡಿಯೋಕೇ ಬರಲ್ಲ ಸಾಹೇಬ್ರೇ. ನಾಳೆನೂ ಕಳಿಸಿ.”

ಗುರುವಾರ ಸಂಜೆ ಲೆಕ್ಕ ಹಾಕಿದೆವು: ಹತ್ತೊಂಬತ್ತರಲ್ಲಿ ಹನ್ನೆರಡು ‘ಹೌದು’.

ಶುಕ್ರವಾರ ಮೇಡಂ ಕೊರ್ನೇಲಿಯಾ ಕೂಗಿದ್ದು ರಸ್ತೆಗೂ ಕೇಳಿಸಿರಬೇಕು. ಹೊಲದಲ್ಲಿ ಸಂದರ್ಶನವೇ? ಯಾವ ದೇಶದಲ್ಲಿ ಮಾಡಿದ್ದಾರೆ? ಸಿಮಿಯೋನ್ ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದು ಕೇಳಿದ. ಆಮೇಲೆ, ಪೆನ್ಸಿಲ್ ಕೆತ್ತುವಷ್ಟೇ ಸಾವಧಾನದಿಂದ ಹೇಳಿದ: “ಹಳೇ ಪತ್ರಿಕೆಗೆ ನಾನು ಸಹಿ ಮಾಡಲ್ಲ, ಮೇಡಂ. ನನ್ನ ಸಹಿ ಇಲ್ಲದೆ ಅದು ಅಚ್ಚಾಗಲ್ಲ. ಬೇರೆಯವರನ್ನ ನೇಮಿಸ್ಕೊಳ್ಳಿ. ಆದ್ರೆ ಅವರಿಗೂ ಈ ಎರಡು ಕಟ್ಟು ಒಟ್ಟಿಗೇ ತೋರಿಸ್ತೀನಿ. ಇಪ್ಪತ್ತೆರಡಕ್ಕೆ ಸೊನ್ನೆ, ಹತ್ತೊಂಬತ್ತಕ್ಕೆ ಹನ್ನೆರಡು. ಊರೂ ಅದೇ, ಹೆಂಗಸರೂ ಅವರೇ.”

 ಕೊನೆಗೆ ಮೇಡಂ, ಕಳಿಸಿ ನೋಡೋಣ, ಅಂದರು. ಎರಡು ಗಂಟೆಯ ಮೇಲೆ ಮತ್ತೆ ಫೋನು. ಹೊಸ ಪ್ರಶ್ನೆಗಳೇ ಅಚ್ಚಿಗೆ ಹೋಗುತ್ತವೆ, ಹಳ್ಳಿಯ ಭಾಗ ಉಳಿಯುತ್ತದೆ, ಜಾಗವನ್ನು ಹೆಂಗಸೇ ಆರಿಸಬೇಕು. ಈ ವಿಚಾರ ತಮಗೆ ಮೊದಲೇ ಹೊಳೆದಿತ್ತು ಎಂದೂ ಸೇರಿಸಿದರು. ಮೇಯರಿಗೆ ನಾನೇ ಹೋಗಿ ತಿಳಿಸಿದೆ. ಅವನ ಮುಖ ನೋಡಿ, ಅಷ್ಟು ದೂರ ನಡೆದದ್ದು ಸಾರ್ಥಕವಾಯಿತು.

ಸಿಮಿಯೋನನ ಬಸ್ಸು ಆರೂವರೆಗೆ. ಐದು ಗಂಟೆಗೆ ನನ್ನ ಮನೆಯ ಹಿತ್ತಲಿಗೆ ಬಂದ. ನಾನು ಬೀನ್ಸ್ ಸಾಲಿನಲ್ಲಿದ್ದೆ. ಹೋಗ್ಬರ್ತೀನಿ ಅನ್ನಲು ಬಂದವನು ಅದನ್ನು ಅನ್ನಲಿಲ್ಲ. ಗೋಡೆಗೆ ಒರಗಿಸಿದ್ದ ಇನ್ನೊಂದು ಗುದ್ದಲಿ ತೆಗೆದುಕೊಂಡು ಪಕ್ಕದ ಸಾಲಿಗೆ ಇಳಿದ.

“ಬೂಟು ಹಾಳಾಗುತ್ತೆ.”

“ಆಗ್ಲಿ.”

ಅರ್ಧ ಸಾಲು ಮುಗಿಯಿತು. ಹೊತ್ತು ಇಳಿಯುತ್ತಿತ್ತು, ಮಣ್ಣು ಇನ್ನೂ ಬೆಚ್ಚಗಿತ್ತು. ನೆಲ ನೋಡುತ್ತಲೇ ನಾನು ಶುರುಮಾಡಿದೆ. ಮೊದಲನೆಯ ಸಲ ಯಾವಾಗ, ಎರಡನೆಯ ಸಲ ಏಕೆ, ಹಲ್ಲು ಹೋದ ದಿನ ಒಲೆಯ ಮೇಲೆ ಏನಿತ್ತು. ಐದು ವರ್ಷದಲ್ಲಿ ಯಾರಿಗೂ ಹೇಳದ್ದು.

ಅವನ ಗುದ್ದಲಿ ನಿಂತಿತು.

“ನಿಲ್ಲಿಸ್ಬೇಡ,” ಅಂದೆ. “ನೀನು ನಿಲ್ಲಿಸಿದ್ರೆ ನಂಗೆ ಹೇಳೋಕಾಗಲ್ಲ.”

ಅವನು ನಿಲ್ಲಿಸಲಿಲ್ಲ. ಸಾಲಿನ ಕೊನೆಯವರೆಗೆ, ನಾನು ಮುಗಿಸುವವರೆಗೆ, ಒಂದೇ ಸಮನೆ. ಬಸ್ಸಿನ ಹಾರನ್ ಚರ್ಚಿನ ತಿರುವಿನಲ್ಲಿ ಕೇಳಿಸಿತು, ಆಮೇಲೆ ಹೆದ್ದಾರಿಯ ಕಡೆ ಸಣ್ಣದಾಯಿತು. ಇಬ್ಬರೂ ತಲೆ ಎತ್ತಲಿಲ್ಲ.

“ನಾನು ಕೇಳಿರಲಿಲ್ಲ,” ಅಂದ ಅವನು ಕೊನೆಗೆ. “ಗಂಡಸು ಕೇಳಬಾರದು.”

“ಗೊತ್ತು. ಅದಕ್ಕೇ ಹೇಳಿದೆ.”

“ವರ್ವಾರಾ, ನಾನು ಮತ್ತೆ ಬಂದ್ರೆ... ಸರ್ವೆಗಲ್ಲ. ಸುಮ್ನೆ. ನಿನ್ನ ಹತ್ರ.” ಎಡಗಿವಿ ಆಗಲೇ ಕೆಂಪಾಗಿತ್ತು. “ಬರೋದು ಬೇಡ ಅಂದ್ರೆ ಬರಲ್ಲ.”

ನಾನು ಬೆನ್ನು ನೆಟ್ಟಗೆ ಮಾಡಿ ಮೊದಲ ಸಲ ಅವನ ಸಾಲಿನ ಕಡೆ ನೋಡಿದೆ. ಈ ತುದಿಯಿಂದ ಆ ತುದಿಯವರೆಗೆ ಕಳೆ ಹಾಗೇ ನಿಂತಿತ್ತು. ಮೊಣಕಾಲೆತ್ತರ ಬಂದಿದ್ದ ನನ್ನ ಬೀನ್ಸ್ ಗಿಡಗಳು ಬೇರು ಸಮೇತ ಎದ್ದು ಸಾಲಾಗಿ ಮಲಗಿದ್ದವು.

“ಅಯ್ಯೋ ನಿನ್ನ ಮುಖಕ್ಕಿಷ್ಟು! ನಾಳೆ ಬೆಳಿಗ್ಗೆ ಬೀಜ ತರ್ತೀನಿ,” ಅಂದೆ. “ಇಷ್ಟೂ ಸಾಲು ಬಿತ್ತೋದು ನೀನು, ನೀರು ಹಾಕೋದೂ ನೀನೇ. ಕಾಯಿ ಬಿಡೋವರೆಗೆ ಎಲ್ಲಿಗೂ ಹೋಗ್ಬೇಡ.”