ಕಳಚದ ಚೈನು

"ರಸ್ತಾ ಎಲ್ಲೀಗೂ ಓಡಿ ಹೋಗಂಗಿಲ್ರಿ ಮೇಡಂ!"

ಬದಿಯಿಂದ ಬಂದ ಆ ಮಾತಿಗೆ, ಬಿರುಸಾಗಿ ಸೈಕಲ್ ತುಳಿಯುತ್ತಿದ್ದ ಶಿವಗಂಗಾಳ ಮೈಯೆಲ್ಲ ಉರಿಯಿತು. ಭಾನುವಾರದ ಬೆಳಿಗ್ಗೆ, ಇಳಕಲ್ಲಿನಿಂದ ಹುನಗುಂದಕ್ಕೆ ಹೋಗುವ ರಸ್ತೆ. ಹಳೆಯ ಕರಿ ಸೈಕಲ್ಲಿನ ಮೇಲೆ ಒಬ್ಬ ತೆಳ್ಳನೆಯ ಮನುಷ್ಯ ಹಾಯಾಗಿ ಹೊರಟಿದ್ದ.

"ನಿಮ್ಮ ಪೆಡಲ್ ನೀವು ತುಳೀರಿ!" ಎಂದವಳೇ ಅವನನ್ನು ದಾಟಿದಳು.

ಹತ್ತು ಮಾರು ಹೋಗಿಲ್ಲ... ಹಿಂದೆ ಟೈರಿನ ಸದ್ದು! ಅವನು ಪಕ್ಕಕ್ಕೆ ಬಂದ, ನಕ್ಕ, ದಾಟಿಯೇ ಬಿಟ್ಟ.

'ಹಿಂಗೇನು?' ಅವಳು ಸೀಟಿನಿಂದ ಎದ್ದು ನಿಂತು ತುಳಿದಳು. ಏರಿನ ತುದಿಯಲ್ಲಿ ದಸ್ತಗೀರಬಿಯ ಚಹಾದಂಗಡಿ. ಅಲ್ಲಿ ಮುಟ್ಟಿದಾಗ ಅವಳೇ ಮುಂದಿದ್ದಳು. ತಿರುಗಿ ನೋಡಿದರೆ, ಅವನು ಅರ್ಧ ಏರಿನಲ್ಲೇ ಇಳಿದು ಸೈಕಲ್ಲಿನ ಮೇಲೆ ಬಗ್ಗಿ ನಿಂತಿದ್ದ.

"ಏನಾತು?" ಎಂದು ಮೇಲಿನಿಂದಲೇ ಕೂಗಿದಳು.

"ಚೈನ್... ಕಳಚೇತಿ," ಎಂದ, ಮುಖ ಎತ್ತದೆ.

ಶಿವಗಂಗಾಗೆ ಇಪ್ಪತ್ತೊಂಬತ್ತು. ಇಳಕಲ್ಲಿನ ಶಾಲೆಯೊಂದರಲ್ಲಿ ಆಟ ಕಲಿಸುವ ಟೀಚರ್. ಹತ್ತು ವರ್ಷದ ಹಿಂದೆ ಸೈಕಲ್ ಪಂದ್ಯದ ತಂಡಕ್ಕೆ ಅವಳ ಹೆಸರು ಬಂದಿತ್ತು. 'ಮದುವಿ ಆಗಿ ಹೋಗೋ ಹುಡುಗಿಗೆ ಯಾಕ ಜಾಗ?' ಎಂದು ಆಯ್ಕೆಗೆ ಕೂತವನೊಬ್ಬ ಅದನ್ನು ಹೊಡೆದು ಹಾಕಿದ. ಗಡಿಯಾರ ಅವಳ ಪರವಾಗಿ ಸಾಕ್ಷಿ ಹೇಳುತ್ತಿತ್ತು. ಕೇಳುವವರು ಇರಲಿಲ್ಲ. ಅಂದಿನಿಂದ ಅವಳಿಗೆ ಸುಮ್ಮನೆ ಸೈಕಲ್ ತುಳಿಯುವುದು ಬರುವುದೇ ಇಲ್ಲ. ಮುಂದೆ ಯಾರದಾದರೂ ಬೆನ್ನು ಕಂಡರೆ ಸಾಕು, ಅದು ಆ ಮನುಷ್ಯನ ಬೆನ್ನು!

ಮರುವಾರವೂ ಅವನು ಸಿಕ್ಕ. ಅದರ ಮುಂದಿನ ವಾರವೂ. ಹೆಸರು ವಿಜಯಮಹಾಂತೇಶ. ಮೊದಲು ಕಲ್ಲಿನ ಫ್ಯಾಕ್ಟರಿಯಲ್ಲಿದ್ದ, ಈಗ ಇಳಕಲ್ಲಿನ ಬಸ್ ನಿಲ್ದಾಣದ ಹತ್ತಿರ ಝೆರಾಕ್ಸ್ ಅಂಗಡಿ. ಇಷ್ಟನ್ನು ದಸ್ತಗೀರಬಿಯೇ ಚಹಾ ಸೋಸುತ್ತ ಹೇಳಿದ್ದಳು.

ಸಮತಟ್ಟಿನಲ್ಲಿ ಇಬ್ಬರೂ ಹರಟುತ್ತ ಹೋಗುತ್ತಿದ್ದರು. ಅವನ ಮಾತು ಕೇಳುತ್ತಿದ್ದರೆ ಅವಳಿಗೆ ದಾರಿ ಸರಿದದ್ದೇ ತಿಳಿಯುತ್ತಿರಲಿಲ್ಲ. ಆದರೆ ಏರು ಬಂದ ಕೂಡಲೇ ಅವಳ ಕಾಲಿಗೆ ಅದೇ ಹುಚ್ಚು! ಅವನೂ ಬಿಡುತ್ತಿರಲಿಲ್ಲ. ಪ್ರತಿ ಸಲವೂ ಅರ್ಧ ಏರಿನಲ್ಲಿ ಅವನ ಚೈನು ಕಳಚುತ್ತಿತ್ತು.

ಐದನೆಯ ಭಾನುವಾರ ಅವನು ಚಹಾದ ಕಪ್ಪಿಗೆ ಕೈಚಾಚಿದಾಗ ಅವಳ ಕಣ್ಣು ಆ ಬೆರಳುಗಳ ಮೇಲೆ ನಿಂತಿತು.

ಎಣ್ಣೆಯ ಕಲೆ ಇಲ್ಲ. ಮಸಿ ಇಲ್ಲ. ಈಗಷ್ಟೇ ಚೈನು ಹಾಕಿ ಬಂದವನ ಕೈ... ತೊಳೆದಿಟ್ಟಂತಿತ್ತು!

"ಚೈನ್ ಕಳಚಿಲ್ಲ," ಎಂದಳು. "ಒಮ್ಮೆಯೂ ಕಳಚಿಲ್ಲ. ಹೌದಲ್ಲ?"

ಅವನು ಕಪ್ಪನ್ನು ಕೆಳಗಿಟ್ಟ.

"ಹೆಣ್ಣಮಗಳು, ಗೆದ್ದು ಖುಷಿ ಪಡ್ಲಿ ಅಂತ ಬಿಟ್ಟುಕೊಟ್ರಿ! ನನ್ನ ಗೆಲುವು ಅಂದ್ರ ನೀವು ಹಾಕೋ ಭಿಕ್ಷಾ ಏನ್ರಿ?"

ಅವನ ತುಟಿ ಒಂದು ಕ್ಷಣ ಅಲುಗಿತು. ಆಮೇಲೆ, "ಹಂಗ ತಿಳ್ಕೋರಿ," ಎಂದು ಎದ್ದು ಹೋದ.

ಮುಂದಿನ ಭಾನುವಾರ ಅವನು ಬರಲಿಲ್ಲ. ಅದರಾಚೆಯದಕ್ಕೂ ಇಲ್ಲ. ಖಾಲಿ ರಸ್ತೆಯಲ್ಲಿ ಅವಳು ಒಬ್ಬಳೇ ಮುಂದೆ ಇದ್ದಳು... ಆ ಮುಂದಿರುವಿಕೆ ಎಷ್ಟು ಬಿಕೋ ಎನ್ನುತ್ತಿತ್ತು!

ಮೂರನೆಯ ವಾರ ದಸ್ತಗೀರಬಿ ತಾನಾಗಿಯೇ ಬಾಯಿಬಿಟ್ಟಳು.

"ಚೈನ್ ಏನ್ ಕಳಚತೈತವಾ! ಅವಂದು ಉಸುರು ಕಳಚತಿತ್ತು. ನೀ ಹ್ವಾದ ಮ್ಯಾಲ ಈ ಬಾಕಿನ ಮ್ಯಾಲ ಒಂದು ತಾಸು ಕುಂದರತಿದ್ದ. ನಿನಗ ಹೇಳಬ್ಯಾಡ ಅಂತ ಆಣಿ ಹಾಕಿದ್ದ."

"ಯಾಕ... ಏನಾಗೇತಿ ಅವರಿಗೆ?"

"ಎಂಟು ವರ್ಷ ಕಲ್ಲು ಕೊಯ್ಯೋ ಮಷಿನ್ ಮುಂದ ನಿಂತಾನ. ಬಾಯಿಗೆ ಕಟ್ಟಾಕ ಒಂದು ಚಿಂದಿ ಸೈತ ಕೊಡಲಿಲ್ಲ ಹಾಟ್ಯಾನ ಮಕ್ಕಳು! ಧೂಳು ಎದಿಯೊಳಗ ಕುಂತೈತಿ. ಸೈಕಲ್ ತುಳಿ, ಆದ್ರ ಮಾತಾಡಕೋಂತ ಹೋಗೋವಷ್ಟು ಸಾವಕಾಶ, ಮಾತು ಕಡೀತಂದ್ರ ನಿಂದರು ಅಂತ ಡಾಕ್ಟರ್ ಹೇಳ್ಯಾರ."

ಶಿವಗಂಗಾ ಆ ಬೆಂಚಿನ ಮೇಲೆ ಕೂತಳು.

ಇಳಕಲ್ಲಿನ ಆ ನುಣುಪಾದ ಕೆಂಪು ಕಲ್ಲು ಎಲ್ಲೆಲ್ಲಿಯದೋ ಸಾಹುಕಾರರ ಮನೆಯ ನೆಲವಾಗಿ ಹೊಳೆಯುತ್ತದೆ. ಅದನ್ನು ಕೊಯ್ದವನು ಇಲ್ಲಿ ಒಂದು ಸಣ್ಣ ಏರು ಹತ್ತಲಾಗದೆ, ಕಳಚದ ಚೈನಿನ ಮೇಲೆ ಬಗ್ಗಿ ನಿಲ್ಲುತ್ತಾನೆ. ಅವನ ಮೇಲೆ ತಾನು ಗೆದ್ದೆನೆಂದು ಬೀಗಿದಳಲ್ಲ!

ಸೋಮವಾರ ಶಾಲೆ ಬಿಟ್ಟ ಮೇಲೆ ಅವಳು ಝೆರಾಕ್ಸ್ ಅಂಗಡಿಯ ಮುಂದೆ ನಿಂತಳು. ಅವನು ಕಾಗದಗಳನ್ನು ಜೋಡಿಸುತ್ತಿದ್ದ.

"ಯಾಕ ಹೇಳಲಿಲ್ಲ?"

ದಸ್ತಗೀರಬಿ ಬಾಯಿಬಿಟ್ಟಿದ್ದಾಳೆಂದು ಅವನಿಗೆ ತಿಳಿಯಿತು. "ಹೇಳಿದ್ರ ನೀವೂ ಹಂಗ ನೋಡ್ತಿದ್ರಿ."

"ಹೆಂಗ?"

"ಈಗ ನೋಡಾಕತ್ತೀರಲ್ಲ, ಹಂಗ."

ಅವಳು ಕಣ್ಣು ತಗ್ಗಿಸಿದಳು.

"ಊರ ಮಂದಿ ನನ್ನ ಆಗಲೇ ಹೂಳ್ಯಾರ. ಗೊತ್ತು ಮಾಡಿದ್ದ ಹೆಣ್ಣಿನ ಮನಿಯವ್ರೂ ಬ್ಯಾಡ ಅಂದ್ರು. ನೀವೊಬ್ರು... ನನ್ನ ಸೋಲಿಸಾಕ ನೋಡ್ತಿದ್ರಿ. ಸೋಲಿಸಬೇಕಂದ್ರ ಎದುರಿಗೆ ಜೀವಂತ ಮನುಷ್ಯಾ ಇರಬೇಕಲ್ರಿ! ಅದಕ್ಕ... ಬಿಟ್ಟುಕೊಡಾಕ ಮನಸ್ಸಾಗಲಿಲ್ಲ."

ಶಿವಗಂಗಾಳ ಕಣ್ಣು ತುಂಬಿದವು. ಸಿಟ್ಟೂ ಬಂತು.

"ಹುಚ್ಚ! ಗೆಲ್ಲಾಕ ಹೋಗಿ ನಿನ್ನ ಉಸುರು ನಾ ಕಸಗೊಂಡೆ. ಸೋಲಬಾರದಂತ ನೀ ಕೊಟ್ಟಿ. ಇಬ್ಬರೊಳಗ ಯಾರು ಹೆಚ್ಚು ದಡ್ಡರು?"

"ಇದರೊಳಗೂ ಪಂದ್ಯ ಏನ್ರಿ?"

ಇಬ್ಬರಿಗೂ ನಗು ಬಂತು. ಅವನ ನಗು ಕೆಮ್ಮಾಯಿತು. ಅವಳು ಕೈಚಾಚಿದಳು... ಅರ್ಧದಲ್ಲೇ ಹಿಂತೆಗೆದಳು. ಅವನು ತಾನೇ ಸಾವರಿಸಿಕೊಳ್ಳಲಿ.

"ಈ ಕಾಗದ ಏನು?"

"ಕೋರ್ಟಿಂದು. ಪರಿಹಾರ ಕೊಡ್ರಿ ಅಂತ ಕೇಸ್ ಹಾಕೇವಿ. ಬೀಡಿ ಸೇದಿ ಎದಿ ಕೆಟ್ಟೈತಿ ಅಂತ ಫ್ಯಾಕ್ಟರಿಯವ್ರು ಬರಕೊಟ್ಟಾರ. ಖರೆ ಹೇಳ್ತೇನಿ, ಹುಟ್ಟಿದಾಗಿಂದ ಒಂದು ಬೀಡಿ ಮುಟ್ಟಿಲ್ಲ. ನಂದೊಂದ ಅಲ್ಲ, ಇನ್ನ ಆರು ಮಂದೀದೂ ಹಿಂಗ ಬರದಾರ."

"ತಾರೀಖು ಯಾವಾಗ?"

"ಬುಧವಾರ. ಹುನಗುಂದದಾಗ."

"ರಜಾ ಹಾಕಿ ಬರ್ತೇನಿ. ನನಗ ಸೋಲಿಸಾಕ ಯಾರರ ಬೇಕಲ್ಲ!"

ಅವನು ಕಾಗದಗಳನ್ನು ಬದಿಗಿಟ್ಟ. "ಕನಿಕರ ಮಾಡಿ ಬರ್ತಿದ್ರ ಬ್ಯಾಡ, ಶಿವಗಂಗಾ."

"ಕನಿಕರ ನನಗ ಬರಂಗಿಲ್ಲ. ಇಷ್ಟು ದಿನ ನೋಡಿಲ್ಲೇನು?"

ಬುಧವಾರ ಅವಳು ಕೋರ್ಟಿಗೆ ಹೋದಳು, ಸಿಕ್ಕಿದ್ದು ಮತ್ತೊಂದು ತಾರೀಖು. ಮುಂದಿನ ಭಾನುವಾರ ಇಬ್ಬರೂ ಜೊತೆಯಾಗಿ ಹೊರಟರು. ಏರು ಶುರುವಾಯಿತು. ಅವಳ ಕಾಲು ತವಕಿಸಿದವು, ಅವಳು ತಡೆದಳು. ಅಷ್ಟರಲ್ಲಿ ಎರಡು ಹಾಲಿನ ಕ್ಯಾನು ಕಟ್ಟಿಕೊಂಡ ಮುದುಕನೊಬ್ಬ ಗಡಗಡ ಸದ್ದು ಮಾಡುತ್ತ ಪಕ್ಕಕ್ಕೆ ಬಂದ.

"ಏನ್ ಮದಮಕ್ಕಳ ಮೆರವಣಿಗಿ ಏನ್ರಿ? ಸರೀರಿ, ಹಾಲು ಒಡೀತಾವ!"

ದಾಟಿಯೇ ಬಿಟ್ಟ!

ಅವಳ ಬೆರಳು ಹ್ಯಾಂಡಲ್ಲನ್ನು ಬಿಗಿಯಾಗಿ ಹಿಡಿದವು. ಎದುರಿಗೆ ಒಂದು ಬೆನ್ನು... ಹತ್ತು ತುಳಿತದ ಕೆಲಸ!

"ಹೋಗು, ಹಿಡಿ ಅವನ್ನ," ಎಂದ ವಿಜಯಮಹಾಂತೇಶ. "ನನ್ನ ಸಲುವಾಗಿ ನಿಂದರಬ್ಯಾಡ."

"ನಿನ್ನ ಸಲುವಾಗಿ ಯಾರು ನಿಂತಾರ? ಜೋರು ಹೋದ್ರ ಗಾಳಿ ಕಿವಿ ತುಂಬತೈತಿ. ನಿನ್ನ ಮಾತು ಕೇಳಂಗಿಲ್ಲ."

ಮುದುಕನ ಬೆನ್ನು ಏರಿನಾಚೆ ಮುಳುಗಿತು. ಅದು ಅಂದು ಅವಳ ಹೆಸರು ಹೊಡೆದು ಹಾಕಿದವನ ಬೆನ್ನಾಗಿರಲಿಲ್ಲ, ಹಾಲು ಮಾರುವ ಮುದುಕನದಷ್ಟೇ ಆಗಿತ್ತು.

"ನಾ..." ಎಂದ ಅವನು. "ನಿನ್ನ..."

ಮಾತು ಕಡಿಯಿತು. ಅವನು ಕಾಲು ನೆಲಕ್ಕೆ ಊರಿದ. ಅವಳೂ ಇಳಿದಳು. ಅವನ ಎದೆ ಏರಿಳಿಯುತ್ತಿತ್ತು.

ಮುಂದಿನ ಮಾತು ಏನೆಂದು ಅವಳಿಗೆ ಗೊತ್ತಿತ್ತು. ನಾಲಗೆಯ ತುದಿಗೇ ಬಂದಿತ್ತು. ಅವನಿಗಿಂತ ಮೊದಲು ಆಡಿಬಿಡುವ ಆಸೆಯನ್ನು ಅವಳು ಹಲ್ಲು ಕಚ್ಚಿ ತಡೆದಳು. ಒಂದು ಬಸ್ಸು ಹೋಯಿತು. ಆಮೇಲೆ ಒಂದು ಲಾರಿ. ಅವಳು ಕಾದಳು.

"...ಜೋಡಿ ಮುದುಕಾಗಬೇಕಂತೇನಿ."

ಅವಳು ಊಹಿಸಿದ್ದ ಮಾತು ಅದಲ್ಲ! ಎಷ್ಟು ವರ್ಷವೆಂದು ಯಾವ ಡಾಕ್ಟರೂ ಹೇಳಿರದ ಮನುಷ್ಯ, ಕೇಳಿದ್ದು ಮುಪ್ಪನ್ನು...

ಉತ್ತರಿಸಲು ಬಾಯಿ ತೆರೆದಳು. ಈಗ ಮಾತು ಕಡಿದದ್ದು ಅವಳದು. ಅವನು ಅವಸರ ಮಾಡಲಿಲ್ಲ. ಹ್ಯಾಂಡಲ್ಲಿನ ಮೇಲಿದ್ದ ಅವಳ ಕೈಯ ಮೇಲೆ ತನ್ನ ಕೈಯಿಟ್ಟು ನಿಂತ.

"ಆಗೂಣು," ಎಂದಳು ಕೊನೆಗೆ.