ಬಾಗಿಲಿಲ್ಲದ ಕಾರಿನ ಹ್ಯಾಂಡಲ್

ಶನಿವಾರ ಬೆಳಿಗ್ಗೆ 9.10ಕ್ಕೆ ಜಯನಗರದ ನಂದಕುಮಾರ್ ಠಾಣೆಗೆ ಬಂದು, ತಮ್ಮ ಕಾರಿನ ಹ್ಯಾಂಡಲ್ ಕಳುವಾಗಿದೆ ಎಂದು ದೂರು ಕೊಟ್ಟರು. ಹೆಡ್ ಕಾನ್‌ಸ್ಟೇಬಲ್ ಚನ್ನವೀರ ಬರೆದುಕೊಂಡ. 9.50ಕ್ಕೆ ಎಫ್‌ಐಆರ್ ದಾಖಲಾಯಿತು. ಇನ್‌ಸ್ಪೆಕ್ಟರ್ ಜಯಾ ಅದನ್ನು ಓದಿದ್ದು ಜೀಪಿನಲ್ಲಿ. ಎರಡು ಸರಗಳ್ಳತನದ ಫೈಲುಗಳು ಠಾಣೆಯ ಮೇಜಿನ ಮೇಲೆ ಹಾಗೇ ಬಿದ್ದಿದ್ದವು.

"ಬಾಗಿಲ ಹ್ಯಾಂಡಲ್ಲಿಗೆ ಎಫ್‌ಐಆರ್ ಹಾಕಿದ್ದೀಯಲ್ಲಪ್ಪ! ಎತ್ತು ಕಳೆದವನು ಸುಮ್ಮನಿದ್ದಾನು, ಮೂಗುದಾರ ಕಳೆದವನು ಊರೆಬ್ಬಿಸ್ತಾನೆ ಅಂತಿದ್ದ ನಮ್ಮಜ್ಜ."

"ಭಾರೀ ಹಳೇ ಕಾರ್ ಐತ್ರಿ ಮೇಡಂ. ದೊಡ್ಡ ಮನುಷ್ಯಾರು, ಕಣ್ಣಾಗ ನೀರ್ ತಂದಿದ್ರು."

ನಂದಕುಮಾರ್ ಮನೆಯ ಶೆಡ್ಡಿನಲ್ಲಿ ನಿಂತಿದ್ದ ಕಾರನ್ನು ನೋಡಿ ಜಯಾ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. 1904ನೇ ಇಸವಿಯದು. ಕುದುರೆ ಬಿಚ್ಚಿದ ಜಟಕಾಗಾಡಿಯ ಹಾಗಿತ್ತು. ಚಾವಣಿಯಿಲ್ಲ, ಮುಂದೆ ಗಾಜಿಲ್ಲ, ಬಾಗಿಲೂ ಇಲ್ಲ.

"ಚನ್ನವೀರ, ಬಾಗಿಲೆಲ್ಲಿ?"

ಚನ್ನವೀರ ಬಗ್ಗಿ ಕಾರಿನ ಅಡಿಯಲ್ಲೂ ನೋಡಿದ. "ಹ್ಯಾಂಡಲ್ ಅಂದ್ರರಿ. ನಾ ಬಾಗಲದ್ದು ತಿಳ್ಕೊಂಡೆ."

"ಸ್ಟಾರ್ಟಿಂಗ್ ಹ್ಯಾಂಡಲ್ ಮೇಡಂ!" ನಂದಕುಮಾರ್ ಹಣೆ ಚಚ್ಚಿಕೊಂಡರು. "ಮುಂದಿನ ತೂತಿಗೆ ಹಾಕಿ ತಿರುಗಿಸಿದ್ರೇನೇ ಎಂಜಿನ್ ಏಳೋದು. ನಾಳೆ ಎಂಟಕ್ಕೆ ಹಳೇ ಕಾರುಗಳ ಓಟ, ಇಲ್ಲಿಂದ ಕನಕಪುರ ರಸ್ತೆಗೆ. ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲಾನೂ ತಪ್ಪಿಸಿಲ್ಲ. ಹ್ಯಾಂಡಲ್ ಅಂಗಡೀಲಿ ಸಿಗೋದಲ್ಲ."

"ಕೊನೆಗೆ ನೋಡಿದ್ದು ಯಾರು?"

"ನಾನು," ಎಂದ ಅಳಿಯ ಚೈತನ್ಯ. "ನಿನ್ನೆ ಸಂಜೆ ಐದಕ್ಕೆ. ಕೈ ಜಾರದೇ ಇರ್ಲಿ ಅಂತ ಬ್ಯಾಟಿನ ನೀಲಿ ಗ್ರಿಪ್ ಹಾಕ್ದೆ. ಆರಕ್ಕೆ ಎಲ್ಲರೂ ಊಟಕ್ಕೆ ಹೊರಗೆ ಹೋದ್ವಿ."

ಬೀಗ ಒಡೆದಿರಲಿಲ್ಲ. ಹಿತ್ತಾಳೆಯ ದೀಪಗಳು ಇದ್ದಲ್ಲೇ ಇದ್ದವು. ಎಂಜಿನ್ನಿನ ಕೆಳಗೆ ಒಂದು ತಗಡಿನ ತಟ್ಟೆ, ಅದರಲ್ಲಿ ತೊಟ್ಟಿಕ್ಕಿದ ಎಣ್ಣೆ.

"ಈ ತಟ್ಟೆ ಇಟ್ಟಿದ್ದು ಯಾರು?"

ಮಾವ ಅಳಿಯನ ಮುಖ ನೋಡಿದರು, ಅಳಿಯ ಮಾವನ ಮುಖ ನೋಡಿದ. ಇಬ್ಬರೂ ಅಲ್ಲ. ಮೂಗುದಾರ ಕದ್ದವನು ಎತ್ತಿಗೆ ಹುಲ್ಲು ಹಾಕಿ ಹೋಗಿದ್ದಾನೆ ಎಂದುಕೊಂಡರು ಜಯಾ. 11.30ಕ್ಕೆ ಪಕ್ಕದ ಮನೆಯ ಇಬ್ಬರನ್ನು ಪಂಚರಾಗಿ ಕರೆದು ಸ್ಥಳ ಪಂಚನಾಮೆ ಮಾಡುವಾಗ ತಟ್ಟೆಯನ್ನೂ ಬರೆಸಿದರು.

"ಶೆಡ್ಡಿನ ಇನ್ನೊಂದು ಕೀ ಯಾರ ಹತ್ರ ಇದೆ?"

ನಂದಕುಮಾರ್ ತಡವರಿಸಿದರು. "ಸೀನು ಮೇಸ್ತ್ರಿ ಹತ್ರ. ಸಿದ್ದಾಪುರದಲ್ಲಿ ಗ್ಯಾರೇಜು. ಪ್ರತಿ ವರ್ಷ ನನ್ನ ಪಕ್ಕ ಕೂರ್ತಿದ್ದ. ಇರೋದು ಎರಡೇ ಸೀಟು ಮೇಡಂ, ಈ ಸಲ ಅಳಿಯ..."

"ಮೇಸ್ತ್ರಿಗೆ ಹೇಳಿದ್ರಾ?"

"ಓಟದ ವಾಟ್ಸಾಪ್ ಗ್ರೂಪಲ್ಲಿ ಅಳಿಯನ ಹೆಸರು ಹಾಕಿದ್ವಲ್ಲ."

ಮಧ್ಯಾಹ್ನ 2.15. ಅರವತ್ತಮೂರರ ಸೀನು ಕಾರ್ಬುರೇಟರ್ ಒರೆಸುತ್ತಾ ಕೂತಿದ್ದ. ಬಲ ಮಣಿಕಟ್ಟು ಯಾವಾಗಲೋ ಮುರಿದು ಸೊಟ್ಟಗೆ ಕೂಡಿಕೊಂಡಿತ್ತು.

"ನಂದಕುಮಾರ್ ಮನೆಗೆ ಯಾವಾಗ ಹೋಗಿದ್ರಿ?"

"ಆಯುಧಪೂಜೆಗೆ. ಆಮೇಲೆ ಆ ಕಡೆ ತಲೆ ಹಾಕಿಲ್ಲ."

"ನಿನ್ನೆ ಸಂಜೆ?"

"ಇಲ್ಲೇ ಇದ್ದೆ ಮೇಡಂ."

ಪ್ರಶ್ನೆ ಮುಂದೆ ಸಾಗಲಿಲ್ಲ. ಬೆಳಗಿನಿಂದ ಬೈಸಿಕೊಂಡಿದ್ದ ಚನ್ನವೀರ ತಾನೂ ಒಂದು ಕೈ ನೋಡೋಣವೆಂದು ಎಫ್‌ಐಆರ್ ಪ್ರತಿ ಬಿಡಿಸಿದ. ಅದನ್ನು ಇನ್ನೂ ತಿದ್ದಿರಲಿಲ್ಲ.

"ಖರೇ ಹೇಳ್ರಿ. ಬಾಗಲದ ಹ್ಯಾಂಡಲ್ ಎಲ್ಲಿ ಇಟ್ಟೀರಿ? ಎಡಗಡೆ ಬಾಗಲದ್ದೋ, ಬಲಗಡೆದ್ದೋ?"

ಸೀನುವಿನ ಮೈ ಉರಿದುಹೋಯಿತು. "ಎಂಥ ಬಾಗಿಲು ಗುರು? ಆ ಕಾರಿಗೆ ಬಾಗಿಲೆಲ್ಲಿದೆ? ಅದು ಸ್ಟಾರ್ಟಿಂಗ್ ಹ್ಯಾಂಡಲ್! ಹಿತ್ತಾಳೆ ಹಿಡಿ, ಕೈಯೊಳಗೆ ತಿರುಗಬೇಕು ಅದು. ಅದಕ್ಕೆ ಯಾವನೋ ಬುದ್ಧಿವಂತ ಕ್ರಿಕೆಟ್ ಬ್ಯಾಟಿನ ನೀಲಿ ಗ್ರಿಪ್ ಜಡಿದಿದ್ದಾನೆ. ಹೆಬ್ಬೆರಳು ಸುತ್ತಿ ಹಿಡಿದ್ರೆ, ಎಂಜಿನ್ ಒಂದ್ಸಲ ಒದೀತು ಅಂದ್ರೆ ಕೈ ಹೀಗಾಗುತ್ತೆ, ನೋಡಿ!" ಎಂದು ಸೊಟ್ಟ ಮಣಿಕಟ್ಟನ್ನು ಚನ್ನವೀರನ ಮೂಗಿನ ಹತ್ತಿರ ಹಿಡಿದ.

ಜಯಾ ಮೆಲ್ಲಗೆ ಕೇಳಿದರು. "ಗ್ರಿಪ್ ಹಾಕಿದ್ದು ನಿನ್ನೆ ಸಂಜೆ ಐದಕ್ಕೆ. ನೀವು ಯಾವಾಗ ನೋಡಿದ್ರಿ?"

ಸೀನು ಕೈ ಕೆಳಗಿಳಿಸಿದ. ಆಮೇಲೆ ಎದ್ದು ಹೋಗಿ ದೇವರ ಪಟದ ಹಿಂದಿನಿಂದ ಟವೆಲಿನಲ್ಲಿ ಸುತ್ತಿದ್ದ ಹ್ಯಾಂಡಲ್ ತಂದಿಟ್ಟ. ನೀಲಿ ಗ್ರಿಪ್ ಕಿತ್ತು, ಹಿತ್ತಾಳೆಯನ್ನು ಹುಣಸೆಹಣ್ಣು ಹಾಕಿ ಉಜ್ಜಿದ್ದ.

3.05ಕ್ಕೆ ಜಪ್ತಿ ಪಂಚನಾಮೆ. 3.40ಕ್ಕೆ ದಸ್ತಗಿರಿ. ಸುದ್ದಿ ತಿಳಿದು ನಂದಕುಮಾರ್ ಓಡೋಡಿ ಠಾಣೆಗೆ ಬಂದರು.

"ಕೊಡಿ ಮೇಡಂ, ಹೋಗಿ ಹಾಕಿ ನೋಡ್ತೀವಿ."

"ಜಪ್ತಿಯಾದ ಮಾಲು ಸಾರ್. ಕೋರ್ಟ್ ಬಿಡುಗಡೆ ಮಾಡ್ಬೇಕು. ಸೋಮವಾರ ಅರ್ಜಿ ಹಾಕಿ."

"ಓಟ ನಾಳೆ!"

"ದೂರು ಕೊಟ್ಟಿದ್ದು ನೀವೇ ಅಲ್ವಾ?"

ನಂದಕುಮಾರ್ ಬೆಂಚಿನ ಮೇಲೆ ಕುಸಿದರು. ಒಳಗಿನ ಕೋಣೆಯಲ್ಲಿ ಜಯಾ ಹೇಳಿಕೆ ಪಡೆಯಲು ಕುಳಿತರು.

"ಯಾಕೆ ತಗೊಂಡ್ರಿ?"

"ಓಟಕ್ಕೆ ಎರಡು ದಿನ ಮುಂಚೆ ಎಣ್ಣೆ ನೋಡೋದು ರೂಢಿ. ಕರೀದಿದ್ರೂ ಕಾಲು ಆ ಕಡೆ ಹೋಯ್ತು. ಎಣ್ಣೆ ತೊಟ್ಟಿಕ್ತಿತ್ತು, ತಟ್ಟೆ ಇಟ್ಟೆ. ಗ್ರಿಪ್ ನೋಡಿ ಸಿಟ್ಟು ಬಂತು, ಎತ್ಕೊಂಡೆ." ಸೀನು ತನ್ನ ಮಣಿಕಟ್ಟು ನೀವಿಕೊಂಡ. "ಹ್ಯಾಂಡಲ್ ಕಾಣ್ದೆ ಹೋದ್ರೆ ಗಾಬರಿಯಾಗಿ ನನಗೆ ಫೋನ್ ಮಾಡ್ತಾರೆ ಅಂದ್ಕೊಂಡೆ ಮೇಡಂ. ಹತ್ತು ನಿಮಿಷದಲ್ಲಿ ತಗೊಂಡು ಹೋಗ್ತಿದ್ದೆ. ಬೆಳಿಗ್ಗೆಯಿಂದ ಫೋನ್ ಜೇಬಿಗೂ ಹಾಕ್ಕೊಳ್ದೆ ಮುಂದೇನೇ ಇಟ್ಕೊಂಡು ಕೂತಿದ್ದೆ. ಅವರು ನಿಮ್ಮನ್ನ ಕರೆದ್ರು."

ಚನ್ನವೀರ ಪೆನ್ನು ಎತ್ತಿ ಹಿಡಿದ. "ಇದನ್ನೂ ಬರೀಲೇನ್ರಿ ಮೇಡಂ?"

"ಬರಿ," ಎಂದರು ಜಯಾ. "ಈ ಸಲ ಅವರು ಹೇಳಿದ ಹಾಗೇ ಬರಿ."